‘ಯೋಚಿಸಬೇಡ, ಹಾಡು’: ಮನೋಧರ್ಮದ ಹೊತ್ತಿಗೆ ಮಿದುಳಿನಲ್ಲಿ ನಡೆಯುವುದೇನು?

ಪ್ರಶ್ನೆ: ನಾನು 11 ವರ್ಷಗಳಿಂದ ಕರ್ನಾಟಕ ಸಂಗೀತದ ಹಾಡುಗಾರಿಕೆ ಕಲಿಯುತ್ತಿದ್ದೇನೆ. ಪಾಠವಾದ ಕೃತಿಗಳನ್ನು ತಪ್ಪಿಲ್ಲದೆ ಹಾಡುತ್ತೇನೆ. ಆದರೆ ಕಲ್ಪನಾಸ್ವರದ, ಅಂದರೆ ಆ ಕ್ಷಣದಲ್ಲೇ ಸ್ವರ ಕಟ್ಟಿ ಹಾಡುವ, ಸರದಿ ಬಂದ ಕೂಡಲೇ ಮನಸ್ಸು ಬರಿದಾಗಿಬಿಡುತ್ತದೆ. ಗುರುಗಳು ‘ಯೋಚಿಸಬೇಡ, ಹಾಡು’ ಎನ್ನುತ್ತಾರೆ. ಮನೋಧರ್ಮದಲ್ಲಿ, ಅಂದರೆ ಹೀಗೆ ಆಶುವಾಗಿ ಕಲ್ಪಿಸಿ ಹಾಡುವುದರಲ್ಲಿ, ತೊಡಗಿರುವಾಗ ಮಿದುಳಿನಲ್ಲಿ ತಪ್ಪು ಹುಡುಕುವ ಭಾಗ ಆರಿಹೋಗುತ್ತದೆಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ ಎಂದು ಓದಿದೆ. ಇದು ನಿಜವೇ? ನಿಜವಾದರೆ ಅದನ್ನು ಆರಿಸುವುದು ಹೇಗೆ? ಅಥವಾ ಈ ಶಕ್ತಿ ಹುಟ್ಟಿನಿಂದಲೇ ಬರಬೇಕೇ?

ಉತ್ತರ: ನೀವು ಓದಿದ ಮಾತಿಗೆ ಆಧಾರವಿದೆ. ಆದರೆ ಅದನ್ನು ಓದುವವರು ಕಾರಣವನ್ನೂ ಫಲವನ್ನೂ ಅದಲುಬದಲು ಮಾಡಿಕೊಳ್ಳುವುದು ಬಹಳ ಸುಲಭವಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ನುರಿತ ಕಲಾವಿದರ ಮಿದುಳಿನಲ್ಲಿ ಆ ಹೊತ್ತಿಗೆ ಕಾಣಿಸುವ ನಿರಾಳತೆ ವರ್ಷಗಟ್ಟಲೆ ನಡೆದ ಒಂದು ನಿರ್ದಿಷ್ಟ ಬಗೆಯ ಸಾಧನೆಯಿಂದ ಬಂದದ್ದು, ಆ ಸಾಧನೆಯಿಲ್ಲದೆ ನಿರಾಳತೆಯನ್ನೇ ನೇರವಾಗಿ ತರಿಸಿಕೊಳ್ಳಲು ಹೊರಟರೆ ಸಿಗುವುದು ನೀವು ಈಗಾಗಲೇ ಅನುಭವಿಸುತ್ತಿರುವ ಬರಿದುತನವೇ.

ನೀವು ಓದಿದ ಮಾತಿನ ಮೂಲ ಬಹುಶಃ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಚಾರ್ಲ್ಸ್ ಲಿಂಬ್ ಮತ್ತು ಅಲೆನ್ ಬ್ರಾನ್ ಎಂಬ ಸಂಶೋಧಕರು 6 ಮಂದಿ ವೃತ್ತಿಪರ ಜಾಝ್ ಪಿಯಾನೋ ವಾದಕರನ್ನು, ಮಿದುಳಿನ ಚಟುವಟಿಕೆಯನ್ನು ಚಿತ್ರಿಸುವ ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿಸಿ ನುಡಿಸಲು ಹೇಳಿದರು. ಅದೊಂದು ಬಲವಾದ ಅಯಸ್ಕಾಂತವಾದ್ದರಿಂದ ಅದಕ್ಕೆ ಅಂಟಿಕೊಳ್ಳುವ ಲೋಹವಿಲ್ಲದ, ಕೇವಲ 35 ಮನೆಗಳಿರುವ ಪುಟ್ಟ ಕೀಬೋರ್ಡನ್ನು ಇದಕ್ಕಾಗಿಯೇ ಮಾಡಿಸಬೇಕಾಯಿತು. ಕಲಾವಿದ ಅಂಗಾತ ಮಲಗಿದ್ದಾನೆ, ಕೀಬೋರ್ಡ್ ತೊಡೆಯ ಮೇಲಿದೆ, ತಲೆ ಅಲುಗಿಸುವಂತಿಲ್ಲ, ಮನೆಗಳು ಮೇಲಿಟ್ಟ ಕನ್ನಡಿಯಲ್ಲಿ ಮಾತ್ರ ಕಾಣುತ್ತವೆ, ತಾನು ನುಡಿಸಿದ್ದು ಕಿವಿಯ ಹೆಡ್‌ಫೋನಿನಲ್ಲಿ ಕೇಳುತ್ತದೆ, ನುಡಿಸುವುದು ಬಲಗೈಯಿಂದ ಮಾತ್ರ. ವೇದಿಕೆಯ ಯಾವ ಸುಖವೂ ಇಲ್ಲದ ಈ ಇಕ್ಕಟ್ಟಿನಲ್ಲಿ ಅವರಿಗೆ ಎರಡು ಬಗೆಯ ಕೆಲಸಗಳನ್ನು ಕೊಟ್ಟರು. ಮೊದಲನೆಯದು ಸರಳವಾದದ್ದು: ಒಮ್ಮೆ ಸ್ವರಶ್ರೇಣಿಯನ್ನು ಆರೋಹಣ-ಅವರೋಹಣವಾಗಿ ನುಡಿಸುವುದು, ಇನ್ನೊಮ್ಮೆ ಅದೇ ಸ್ವರಗಳಲ್ಲಿ ತಮಗೆ ತೋಚಿದ್ದನ್ನು ನುಡಿಸುವುದು. ಎರಡನೆಯದು ಕಛೇರಿಗೆ ಸ್ವಲ್ಪ ಹತ್ತಿರವಾದದ್ದು: ಮುಂಚೆಯೇ ಬಾಯಿಪಾಠ ಮಾಡಿಕೊಂಡ ಒಂದು ರಚನೆಯನ್ನು ಹಿಮ್ಮೇಳದ ಜೊತೆ ನುಡಿಸುವುದು, ಬಳಿಕ ಅದೇ ಹಿಮ್ಮೇಳಕ್ಕೆ ಸ್ವಂತ ಕಲ್ಪನೆಯಿಂದ ನುಡಿಸುವುದು.

ಕಲ್ಪನೆಯಿಂದ ನುಡಿಸುವಾಗ, ಬಾಯಿಪಾಠದ್ದನ್ನು ನುಡಿಸುವುದಕ್ಕೆ ಹೋಲಿಸಿದರೆ, ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಹೊರಪಾರ್ಶ್ವದಲ್ಲಿ ಚಟುವಟಿಕೆ ಇಳಿದಿತ್ತು. ಅದೇ ಕಾರ್ಟೆಕ್ಸ್‌ನ ನಡುಭಾಗದಲ್ಲಿ ಏರಿತ್ತು. ಭಯ ಮತ್ತು ಎಚ್ಚರಿಕೆಗೆ ಸಂಬಂಧಿಸಿದ ಅಮಿಗ್ಡಲದಲ್ಲೂ ಇಳಿತವಿತ್ತು. ಹೊರಪಾರ್ಶ್ವದ ಭಾಗವು ನಾವು ಹಾಕಿಕೊಂಡ ಯೋಜನೆಯನ್ನು ನೆನಪಿನಲ್ಲಿ ಹಿಡಿದಿಟ್ಟು, ನಡೆಯುತ್ತಿರುವುದನ್ನು ಅದಕ್ಕೆ ಹೋಲಿಸಿ, ತಪ್ಪಿದರೆ ತಿದ್ದುವ ಕೆಲಸದಲ್ಲಿ ತೊಡಗುತ್ತದೆ. ನಡುಭಾಗವು ನಮ್ಮ ಬಗ್ಗೆ ನಾವು ಯೋಚಿಸುವಾಗ, ನಮ್ಮದೇ ಅನುಭವವನ್ನು ಮಾತಾಗಿಸುವಾಗ ಚುರುಕಾಗುತ್ತದೆ. ‘ಒಳಗಿನ ವಿಮರ್ಶಕ ಸುಮ್ಮನಾಗುತ್ತಾನೆ, ಒಳಗಿನ ಕಥೆಗಾರ ಮಾತಾಡುತ್ತಾನೆ’ ಎಂಬ ಜನಪ್ರಿಯ ವಿವರಣೆ ಹುಟ್ಟಿದ್ದು ಇಲ್ಲಿಂದಲೇ. 2012ರಲ್ಲಿ ಬ್ರಾನ್ ಅವರ ತಂಡ 12 ಮಂದಿ ರ‍್ಯಾಪ್ ಗಾಯಕರು ಆಶುವಾಗಿ ಪದ ಕಟ್ಟಿ ಹಾಡುವಾಗ ನೋಡಿದಾಗಲೂ ಹೆಚ್ಚುಕಡಿಮೆ ಇದೇ ಚಿತ್ರ ಸಿಕ್ಕಿತು.

ಇಷ್ಟನ್ನೇ ಓದಿದವರಿಗೆ ವಿಷಯ ಮುಗಿಯಿತೆನಿಸುವುದು ಸಹಜ. ಆದರೆ ಲಿಂಬ್ ಮತ್ತು ಬ್ರಾನ್ ಅವರ ಅಧ್ಯಯನಕ್ಕೂ ಒಂದು ವರ್ಷ ಮೊದಲು, 2007ರಲ್ಲಿ, ಸ್ಟಾಕ್‌ಹೋಮ್‌ನ ಕರೋಲಿನ್‌ಸ್ಕಾ ಸಂಸ್ಥೆಯ ಸಾರಾ ಬೆಂಗ್ಟ್‌ಸನ್, ಫ್ರೆಡ್ರಿಕ್ ಉಲ್ಲೆನ್ ಮತ್ತು ಅವರ ಸಹೋದ್ಯೋಗಿಗಳು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪಿಯಾನೋ ವಾದಕರಿಗೆ ಕಣ್ಣೆದುರು ಬರೆದಿಟ್ಟ ಒಂದು ಪುಟ್ಟ ಸ್ವರಪಂಕ್ತಿಯನ್ನು ತೋರಿಸಿ, ಅದನ್ನು ಆಧಾರವಾಗಿಟ್ಟುಕೊಂಡು ಕಲ್ಪನೆ ಮಾಡಲು ಹೇಳಿದ್ದರು. ಅಲ್ಲಿ ಬಲ ಮಿದುಳಿನ ಅದೇ ಹೊರಪಾರ್ಶ್ವದ ಪ್ರಿಫ್ರಂಟಲ್ ಭಾಗ ಇಳಿಯುವ ಬದಲು ಏರಿತ್ತು! ಒಂದೇ ವಿದ್ಯೆ, ಒಂದೇ ಬಗೆಯ ಯಂತ್ರ, ಒಂದೇ ವಾದ್ಯ, ಉತ್ತರ ಮಾತ್ರ ತದ್ವಿರುದ್ಧ. ಹಲವು ವರ್ಷಗಳ ಕಾಲ ಈ ಕ್ಷೇತ್ರದವರನ್ನು ಕಾಡಿದ ಒಗಟು ಇದು. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಬೇಕಾದ ಉತ್ತರ ಇರುವುದೂ ಈ ಒಗಟನ್ನು ಬಿಡಿಸುವುದರಲ್ಲೇ.

ಮೊದಲ ಎಳೆ ಹೋಲಿಕೆಯದ್ದು. ಎಫ್‌ಎಂಆರ್‌ಐ ಚಿತ್ರದಲ್ಲಿ ‘ಇಳಿತ’ ಎಂದರೆ ಆ ಭಾಗದ ದೀಪ ಆರಿತು ಎಂದಲ್ಲ. ಹೋಲಿಕೆಗೆ ಇಟ್ಟುಕೊಂಡ ಇನ್ನೊಂದು ಕೆಲಸದಲ್ಲಿ ಇದ್ದದ್ದಕ್ಕಿಂತ ಕಡಿಮೆ ಎಂದಷ್ಟೇ ಅರ್ಥ. ಹೊಸದಾಗಿ ಬಾಯಿಪಾಠ ಮಾಡಿದ ರಚನೆಯನ್ನು ಒಂದಕ್ಷರ ತಪ್ಪದೆ ಒಪ್ಪಿಸುವಾಗ ಮಿದುಳಿನ ಕಾವಲುಗಾರ ಪೂರ್ತಿ ಎಚ್ಚರವಾಗಿರಬೇಕು. ಅದರ ಪಕ್ಕದಲ್ಲಿಟ್ಟರೆ, ತಪ್ಪೆಂಬುದೇ ಮುಂಚಿತವಾಗಿ ಗೊತ್ತುಪಡಿಸಿರದ ಕಲ್ಪನೆಯಲ್ಲಿ ಅವನಿಗೆ ಸ್ವಲ್ಪ ಬಿಡುವು ಸಿಕ್ಕಂತೆ ಕಾಣುತ್ತದೆ. ಸ್ಟಾಕ್‌ಹೋಮ್‌ನ ಪ್ರಯೋಗದಲ್ಲಾದರೋ, ವಾದಕರು ತಾವು ಕಲ್ಪಿಸಿದ್ದನ್ನೇ ನೆನಪಿಟ್ಟು ಮತ್ತೆ ಹಾಗೆಯೇ ನುಡಿಸಿ ತೋರಿಸಬೇಕಾದ ಸುತ್ತುಗಳೂ ಇದ್ದವು. ಇನ್ನೊಂದು ಎಳೆ ಕಲಿತವರದ್ದು. ಒಂದು ಕಡೆ ಪ್ರತಿರಾತ್ರಿ ಕಲ್ಪನೆಯನ್ನೇ ಉಂಡು ಬದುಕುವ ಜಾಝ್ ಕಲಾವಿದರು, ಇನ್ನೊಂದು ಕಡೆ ಬರೆದಿಟ್ಟದ್ದಕ್ಕೆ ನಿಷ್ಠರಾಗಿರುವುದೇ ವ್ರತವಾಗಿರುವ ಶಾಸ್ತ್ರೀಯ ವಾದಕರು.

ಈ ಎರಡನೆಯ ಎಳೆಯನ್ನು ಹಿಡಿದು ಎಳೆದದ್ದು 2014ರಲ್ಲಿ ಆನಾ ಪಿನ್ಹೊ ಮತ್ತು ಉಲ್ಲೆನ್ ಅವರ ತಂಡ. ಅವರು 39 ಪಿಯಾನೋ ವಾದಕರನ್ನು ಸೇರಿಸಿ, ಪ್ರತಿಯೊಬ್ಬರೂ ತಮ್ಮ ಜೀವಮಾನದಲ್ಲಿ ಕಲ್ಪನಾವಾದನಕ್ಕೆಂದೇ ಎಷ್ಟು ಗಂಟೆ ಕಳೆದಿದ್ದಾರೆಂದು ಲೆಕ್ಕ ಹಾಕಿ, ಆಮೇಲೆ ಯಂತ್ರದೊಳಗೆ ನೋಡಿದರು. ಕಲ್ಪನೆಯ ಅನುಭವ ಹೆಚ್ಚಾದಷ್ಟೂ ಬಲಭಾಗದ ನಿಯಂತ್ರಣ ಪ್ರದೇಶಗಳಲ್ಲಿ ಚಟುವಟಿಕೆ ಕಡಿಮೆಯಾಗುತ್ತಿತ್ತು. ಅದೇ ಹೊತ್ತಿಗೆ ಪ್ರಿಫ್ರಂಟಲ್, ಪ್ರಿಮೋಟರ್ ಮತ್ತು ಮೋಟರ್ ಪ್ರದೇಶಗಳ ನಡುವಿನ ಹೊಂದಾಣಿಕೆ ಹೆಚ್ಚುತ್ತಿತ್ತು, ಅಂದರೆ ಯೋಜಿಸುವ ಜಾಗವೂ ಬೆರಳಾಡಿಸುವ ಜಾಗವೂ ಒಂದಕ್ಕೊಂದು ಹೆಚ್ಚು ಬಿಗಿಯಾಗಿ ಹೆಣೆದುಕೊಂಡಿದ್ದವು. ವಯಸ್ಸನ್ನೂ ಶಾಸ್ತ್ರೀಯ ಅಭ್ಯಾಸದ ಗಂಟೆಗಳನ್ನೂ ಲೆಕ್ಕದಿಂದ ಕಳೆದ ಮೇಲೂ ಈ ಸಂಬಂಧ ಉಳಿಯಿತು. ಆದ್ದರಿಂದ ನಾನು ‘ಆರಿಹೋಗುವುದು’ ಎಂಬ ಮಾತಿಗಿಂತ ‘ವಹಿಸಿಕೊಡುವುದು’ ಎಂಬ ಮಾತನ್ನು ಬಳಸಲು ಬಯಸುತ್ತೇನೆ. ಮುಂಜಾನೆ ಅಂಗಳದಲ್ಲಿ ರಂಗೋಲಿ ಹಾಕುವ ಅಜ್ಜಿಯನ್ನು ನೋಡಿ. ಚುಕ್ಕಿ ಇಡುವಾಗ ಅವರು ಎಣಿಸುವುದಿಲ್ಲ, ಎಳೆ ಬಿಡುವಾಗ ಬೆರಳ ಸಂದಿಯ ಪುಡಿಯ ಬಗ್ಗೆ ಯೋಚಿಸುವುದಿಲ್ಲ. ಆದರೆ ಇಡೀ ಚಿತ್ರ ಎತ್ತ ಬೆಳೆಯುತ್ತಿದೆ, ತುಳಸಿಕಟ್ಟೆಗೆ ತಾಗೀತೇ ಎಂಬುದರ ಮೇಲೆ ಅವರ ಕಣ್ಣು ಇದ್ದೇ ಇರುತ್ತದೆ.

ಹಾಗಾದರೆ ಅನುಭವ ಕಡಿಮೆಯಿರುವವರಲ್ಲಿ ಆ ನಿಯಂತ್ರಕನನ್ನು ಬಲವಂತವಾಗಿ ಮುಟ್ಟಿದರೆ ಏನಾಗುತ್ತದೆ? 2016ರಲ್ಲಿ ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಡೇವಿಡ್ ರೋಸೆನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಇದಕ್ಕೆ ನೇರವಾಗಿ ಕೈಹಾಕಿತು. ತಲೆಬುರುಡೆಯ ಮೇಲಿನಿಂದ ನೋವಾಗದಷ್ಟು ಅಲ್ಪ ವಿದ್ಯುತ್ತನ್ನು ಹರಿಸಿ, ಜಾಝ್ ಪಿಯಾನೋ ವಾದಕರ ಬಲ ಹೊರಪಾರ್ಶ್ವದ ಪ್ರಿಫ್ರಂಟಲ್ ಭಾಗವನ್ನು ಉತ್ತೇಜಿಸಿದರು, ಅಂದರೆ ಕಾವಲುಗಾರನನ್ನು ಇನ್ನಷ್ಟು ಎಚ್ಚರಗೊಳಿಸಿದರು. ಅವರ ವಾದನವನ್ನು ಪರಿಣತರು ಕೇಳಿ ಅಂಕ ಕೊಟ್ಟರು. ಅನುಭವ ಕಡಿಮೆಯಿದ್ದವರ ಕಲ್ಪನೆ ಇದರಿಂದ ಸುಧಾರಿಸಿತು, ನುರಿತವರದ್ದಕ್ಕೆ ಅಡ್ಡಿಯಾಯಿತು. ಒಂದೇ ಮದ್ದು ಒಬ್ಬರಿಗೆ ಪಥ್ಯ, ಇನ್ನೊಬ್ಬರಿಗೆ ಅಪಥ್ಯ. ಇಂಥ ಉಪಕರಣಗಳನ್ನು ಮನೆಯಲ್ಲಿ ತಲೆಗೆ ಕಟ್ಟಿಕೊಳ್ಳಬೇಡಿರೆಂದು ಇದೇ ಮಾತಿನ ನಡುವೆ ಕಳಕಳಿಯಿಂದ ಹೇಳುತ್ತೇನೆ. ಈ ಅಧ್ಯಯನದಿಂದ ನೀವು ತೆಗೆದುಕೊಳ್ಳಬೇಕಾದದ್ದು, ಕಲಿಕೆಯ ಈ ಹಂತದಲ್ಲಿ ನಿಮ್ಮ ಯೋಚನೆ ನಿಮ್ಮ ಶತ್ರುವಲ್ಲ ಎಂಬುದನ್ನು.

ಇನ್ನು ಮನಸ್ಸು ಬರಿದಾಗುವ ಆ ಕ್ಷಣದ ವಿಚಾರ. ಯೇಲ್ ವಿಶ್ವವಿದ್ಯಾಲಯದ ಎಮಿ ಆರ್ನ್‌ಸ್ಟೆನ್ ದಶಕಗಳಿಂದ ತೋರಿಸುತ್ತ ಬಂದಿರುವಂತೆ, ನಮ್ಮ ಹಿಡಿತ ಮೀರಿದ ಒತ್ತಡ ಎದುರಾದಾಗ ನೊರ್‌ಅಡ್ರಿನಲಿನ್ ಮತ್ತು ಡೋಪಮಿನ್ ರಾಸಾಯನಿಕಗಳ ಮಟ್ಟ ಪ್ರಿಫ್ರಂಟಲ್ ಕಾರ್ಟೆಕ್ಸ್‌ನಲ್ಲಿ ಮಿತಿಮೀರಿ ಏರಿ, ಅಲ್ಲಿನ ನರಕೋಶಗಳ ನಡುವಿನ ಸಂಪರ್ಕ ಕೆಲಕಾಲ ಸಡಿಲಗೊಳ್ಳುತ್ತದೆ. ಕೈಯಲ್ಲಿ ಹಿಡಿದಿದ್ದ ನೆನಪು ಜಾರಿಹೋಗುತ್ತದೆ. ಆಡಳಿತ ಅಮಿಗ್ಡಲಕ್ಕೂ ಹಳೆಯ ರೂಢಿಗಳಿಗೂ ಸೇರುತ್ತದೆ. ಮೃದಂಗದವರು ನಿಮ್ಮತ್ತ ನೋಡುತ್ತಿದ್ದಾರೆ, ಗುರುಗಳು ತಾಳ ಹಾಕುತ್ತಿದ್ದಾರೆ, ಪಲ್ಲವಿಯ ಸಾಲು ಮುಗಿಯಿತು, ಬಾಯಿ ತೆರೆದರೆ ‘ಸ’ ಬಿಟ್ಟು ಬೇರೇನೂ ಬರುತ್ತಿಲ್ಲ. ಆ ಗಳಿಗೆಯಲ್ಲಿ ನಿಮ್ಮ ಹೊರಪಾರ್ಶ್ವದ ಪ್ರಿಫ್ರಂಟಲ್ ಭಾಗ ಒಂದರ್ಥದಲ್ಲಿ ಆಗಲೇ ಸೋತು ಕುಳಿತಿದೆ. ಜಾಝ್ ಕಲಾವಿದನಲ್ಲಿ ಅದರ ಚಟುವಟಿಕೆ ಇಳಿಯುವುದು ಕೆಳಗಿನವರು ಕೆಲಸ ವಹಿಸಿಕೊಂಡದ್ದರಿಂದ. ನಿಮ್ಮಲ್ಲಿ ಅದು ಕೈಬಿಡುವುದು ವಹಿಸಿಕೊಳ್ಳುವವರು ಇನ್ನೂ ತಯಾರಾಗುವ ಮೊದಲೇ. ಹಾಗಾಗಿಯೇ ಅದನ್ನು ಆರಿಸುವ ಉಪಾಯ ಹುಡುಕುವುದು ತಪ್ಪು ದಾರಿ ಎಂದೆ.

ಆ ವಹಿಸಿಕೊಳ್ಳುವವರು ಯಾರು? ಇದನ್ನು ತಿಳಿಯಲು ಕಾಲದ ಲೆಕ್ಕ ಬೇಕು. ಆದಿತಾಳದ ಮಧ್ಯಮಕಾಲದ ಕೃತಿಯೊಂದಕ್ಕೆ, ಅಕ್ಷರಕ್ಕೆ (ತಾಳದ ಒಂದು ಎಣಿಕೆಗೆ) ನಾಲ್ಕು ಸ್ವರದಂತೆ ಹಾಡುತ್ತೀರಿ ಎಂದುಕೊಳ್ಳೋಣ. ಒಂದು ಅಕ್ಷರ 800 ಮಿಲಿಸೆಕೆಂಡ್ ಆದರೆ ಒಂದು ಸ್ವರಕ್ಕೆ ಸಿಗುವುದು 200 ಮಿಲಿಸೆಕೆಂಡ್. ಕೇಳಿದ್ದನ್ನು ಗುರುತಿಸಿ, ಹಲವು ಆಯ್ಕೆಗಳಲ್ಲಿ ಒಂದನ್ನು ಆರಿಸಿ ಪ್ರತಿಕ್ರಿಯಿಸಲು ಮನುಷ್ಯನಿಗೆ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು ಸಮಯ ಬೇಕು. ಅಂದಮೇಲೆ ‘ಈಗ ಗಾಂಧಾರ ಹಾಡಿದೆ, ಮುಂದೆ ಯಾವುದು’ ಎಂದು ಪ್ರತಿ ಸ್ವರಕ್ಕೂ ಯೋಚಿಸಿ ಹಾಡುವುದು ಶಕ್ಯವೇ ಇಲ್ಲ. 1951ರಷ್ಟು ಹಿಂದೆಯೇ ಕಾರ್ಲ್ ಲ್ಯಾಶ್ಲಿ ಎಂಬ ಮನಶ್ಶಾಸ್ತ್ರಜ್ಞ, ಸಂಗೀತಗಾರನ ಬೆರಳು ಸೆಕೆಂಡಿಗೆ 16 ಬಾರಿ ಬೀಳಬಲ್ಲದು, ಒಂದು ಪೆಟ್ಟಿನ ಅರಿವು ಮಿದುಳಿಗೆ ಮುಟ್ಟಿ ಮುಂದಿನ ಪೆಟ್ಟನ್ನು ಹುಟ್ಟಿಸುವಷ್ಟು ಪುರಸೊತ್ತು ಅಲ್ಲಿಲ್ಲ, ಆದ್ದರಿಂದ ಇಡೀ ಸಾಲು ಮುಂಚಿತವಾಗಿಯೇ ಒಟ್ಟಾಗಿ ಸಿದ್ಧಗೊಂಡಿರಬೇಕು ಎಂದು ವಾದಿಸಿದ್ದ. ಇಂದು ನಾವು ಬೇಸಲ್ ಗ್ಯಾಂಗ್ಲಿಯಾ, ಪ್ರೀ-ಎಸ್‌ಎಂಎ, ಪ್ರಿಮೋಟರ್ ಕಾರ್ಟೆಕ್ಸ್ ಎಂದು ಹೆಸರಿಸುವ ಭಾಗಗಳು ಇಂಥ ಸಾಲುಗಳನ್ನು ಕಂತೆ ಕಟ್ಟಿ ಇಡುವ, ಕರೆದಾಗ ಒಂದೇ ಏಟಿಗೆ ಬಿಚ್ಚುವ ಕೆಲಸದಲ್ಲಿ ನಿರತವಾಗಿವೆ.

ಹತ್ತಿರದಿಂದ ಒಂದು ಉದಾಹರಣೆ ನೋಡೋಣ. ಮೋಹನ ರಾಗ, ಆದಿತಾಳ, ಕೃತಿಯ ಎತ್ತುಗಡೆ ಸಮದಲ್ಲಿ (ತಾಳದ ಆವರ್ತದ ಮೊದಲ ಪೆಟ್ಟಿನಲ್ಲಿ), ಗಾಂಧಾರದ ಮೇಲೆ. ಗಾಯಕಿ ಲಘುವಿನ ನಾಲ್ಕು ಅಕ್ಷರಗಳಲ್ಲಿ ಸ್ವೈರವಾಗಿ ಸುತ್ತಾಡಿ, ಮೊದಲ ದ್ರುತದ ಪೆಟ್ಟು ಬಿದ್ದ ಮೇಲೆ ಒಂದು ಮಾತ್ರೆ ಬಿಟ್ಟು, ‘ದಪಗರಿಸ, ಪಗರಿಸದ, ಗರಿಸದರಿ’ ಎಂದು ಐದೈದರ ಮೂರು ತುಂಡುಗಳನ್ನು ಹಾಡಿ, ಗಾಂಧಾರಕ್ಕೆ ಬಂದು ಸರಿಯಾಗಿ ಸಮದ ಮೇಲೆ ನಿಲ್ಲುತ್ತಾಳೆ. ತಲಾ ಎರಡು ಅಕ್ಷರದ ಎರಡು ದ್ರುತಗಳಿಗೆ, ಅಕ್ಷರಕ್ಕೆ ನಾಲ್ಕರಂತೆ, 16 ಮಾತ್ರೆ. ಒಂದು ಬಿಟ್ಟರೆ 15. ಅದು ಮೂರು ಐದುಗಳು. ಕೇಳುವವರಿಗೆ ಮಿಂಚಿನಂತೆ ಕಂಡದ್ದರಲ್ಲಿ ಅವಳು ನಿಜವಾಗಿ ತೀರ್ಮಾನಿಸಿದ್ದು ಎರಡೇ ಸಂಗತಿ: ಎಲ್ಲಿಂದ ಇಳಿಯಬೇಕು, ಎಲ್ಲಿ ನಿಲ್ಲಬೇಕು. 15 ಮಾತ್ರೆಯ ಗಣಿತ ಎಂದೋ ‘ತಕತಕಿಟ’ ಎಂದು ತೊಡೆ ತಟ್ಟಿಕೊಂಡೇ ಕೈಗಿಳಿದಿದೆ; ಐದು ಸ್ವರದ ಇಳಿಜಾರು ಯಾವುದೋ ವರ್ಣದ ಚಿಟ್ಟೆಸ್ವರದಿಂದ ಗಂಟಲಿಗಿಳಿದಿದೆ. ಯೋಚನೆ ಅಲ್ಲಿ ಖಂಡಿತ ಇದೆ, ಆದರೆ ಅದು ಸ್ವರಕ್ಕಿಂತ ಒಂದು ಮೆಟ್ಟಿಲು ಮೇಲೆ, ಮುಕ್ತಾಯದ ಮೇಲೆ ಕಣ್ಣಿಟ್ಟು ಕುಳಿತಿದೆ. ನಮ್ಮವರು ಈ ವಿದ್ಯೆಗೆ ‘ಮನೋಧರ್ಮ’ ಎಂದು ಹೆಸರಿಟ್ಟರು. ಮನಸ್ಸಿನ ಗೈರುಹಾಜರಿಗೆ ಯಾರೂ ಅಂಥ ಹೆಸರಿಡುವುದಿಲ್ಲ.

ಕಂತೆಗಳ ಬಗ್ಗೆ ಇನ್ನೂ ಒಂದು ಮಾತು, ಏಕೆಂದರೆ ಬಹಳಷ್ಟು ವಿದ್ಯಾರ್ಥಿಗಳಿಗೆ ಇಲ್ಲೊಂದು ನಾಚಿಕೆ ಇರುತ್ತದೆ: ಕಲಿತದ್ದನ್ನೇ ಜೋಡಿಸಿದರೆ ಅದು ಕಲ್ಪನೆ ಹೇಗಾದೀತು? ಜಾಝ್ ಚರಿತ್ರೆಯ ಅತ್ಯಂತ ಉಜ್ವಲ ಕಲ್ಪನಾಶಕ್ತಿಯವರಲ್ಲಿ ಒಬ್ಬನಾದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್‌ನ ಸುಮಾರು 250 ಏಕವ್ಯಕ್ತಿ ವಾದನಗಳನ್ನು ಥಾಮಸ್ ಓವೆನ್ಸ್ ಎಂಬ ಸಂಗೀತಶಾಸ್ತ್ರಜ್ಞ 1974ರ ತಮ್ಮ ಪ್ರಬಂಧದಲ್ಲಿ ಸ್ವರಸ್ವರವಾಗಿ ಬಿಡಿಸಿ ನೋಡಿದಾಗ, ಮತ್ತೆ ಮತ್ತೆ ಬರುವ ಸುಮಾರು 100 ಪ್ರಯೋಗಗಳ ಒಂದು ಭಂಡಾರ ಸಿಕ್ಕಿತು. 2014ರಲ್ಲಿ ಮಾರ್ಟಿನ್ ನೋರ್ಗಾರ್ಡ್ ಪಾರ್ಕರ್‌ನ 48 ವಾದನಗಳನ್ನು ಕಂಪ್ಯೂಟರಿಗೆ ಒಪ್ಪಿಸಿದಾಗ, ಪ್ರತಿ ಐದರಲ್ಲಿ ನಾಲ್ಕಕ್ಕೂ ಹೆಚ್ಚು ಸ್ವರಗಳು ಬೇರೆಡೆ ಮರುಕಳಿಸುವ ಯಾವುದೋ ಒಂದು ಮಾದರಿಯ ಆರಂಭವಾಗಿದ್ದವು. ಇದರಿಂದ ಪಾರ್ಕರ್ ಕಿರಿದಾಗುವುದಿಲ್ಲ. ನಾವು ಮಾತಾಡುವಾಗ ಹೊಸ ಪದಗಳನ್ನು ಸೃಷ್ಟಿಸುವುದಿಲ್ಲವಷ್ಟೆ. ಇದ್ದ ಪದಗಳಿಂದ ಹೊಸ ಮಾತು ಆಡುತ್ತೇವೆ. ಸರಳೆ, ಜಂಟಿ, ದಾಟು, ಏಳು ತಾಳಗಳ ಅಲಂಕಾರ, ಗೀತೆ, ವರ್ಣ ಎಂಬ ನಮ್ಮ ಪಾಠಕ್ರಮವನ್ನು ನರವಿಜ್ಞಾನದ ಕಣ್ಣಿನಿಂದ ನೋಡಿದಾಗಲೆಲ್ಲ ನನಗೆ ಬೆರಗಾಗುತ್ತದೆ. ಅದು ಕಂತೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಕಟ್ಟುತ್ತ ಹೋಗುವ ಕ್ರಮ.

ಮಾತಿನ ಹೋಲಿಕೆ ಬರೀ ಅಲಂಕಾರವಲ್ಲ. ಲಿಂಬ್ ಅವರ ತಂಡ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಂತ್ರದೊಳಗಿನ ವಾದಕ ಮತ್ತು ಹೊರಗಿನ ವಾದಕ ನಾಲ್ಕು ನಾಲ್ಕು ಆವರ್ತಗಳನ್ನು ಹಂಚಿಕೊಂಡು ಒಬ್ಬರಿಗೊಬ್ಬರು ಉತ್ತರ ಕೊಡುತ್ತ ನುಡಿಸಿದರು. ತನಿ ಆವರ್ತನದಲ್ಲಿ ಮೃದಂಗ ಮತ್ತು ಘಟದ ನಡುವೆ ನಡೆಯುವಂಥದ್ದೇ ವ್ಯವಹಾರ ಇದು. ಆಗ ಬ್ರೋಕಾ ಪ್ರದೇಶವೂ ಸೇರಿ, ವಾಕ್ಯರಚನೆಯನ್ನು ನೋಡಿಕೊಳ್ಳುವ ಭಾಗಗಳು ಚುರುಕಾದವು. ಪದಗಳ ಅರ್ಥಕ್ಕೆ ಸಂಬಂಧಿಸಿದ ಆಂಗ್ಯುಲರ್ ಗೈರಸ್ ತಗ್ಗಿತು.

ಈಗ ನಿಮ್ಮ 11 ವರ್ಷಗಳ ಬಗ್ಗೆ. ಅವು ವ್ಯರ್ಥವಾಗಿಲ್ಲ, ಆದರೆ ಅವು ತಯಾರು ಮಾಡಿದ್ದು ಬೇರೊಂದು ಶಕ್ತಿಯನ್ನು. ಜರ್ಮನಿಯ ಲೈಪ್‌ಝಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ರೊಬೆರ್ಟಾ ಬಿಯಾಂಕೊ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಕೆಲಸವನ್ನು ಇಲ್ಲಿ ನೆನೆಯಬೇಕು. 30 ಮಂದಿ ವಾದಕರು, ಅರ್ಧ ಜಾಝ್, ಅರ್ಧ ಶಾಸ್ತ್ರೀಯ. ಪರದೆಯ ಮೇಲೆ ಒಂದು ಕೈ ಶಬ್ದವಿಲ್ಲದೆ ಸ್ವರಮೇಳಗಳನ್ನು ನುಡಿಸುತ್ತದೆ, ಇವರು ಅದನ್ನು ನೋಡಿ ಹಾಗೆಯೇ ನುಡಿಸಬೇಕು. ನಡುವೆ ಒಮ್ಮೊಮ್ಮೆ, ಯಾರೂ ನಿರೀಕ್ಷಿಸದ ಮುಕ್ತಾಯ ಬರುತ್ತದೆ. ಜಾಝ್ ವಾದಕರ ಮಿದುಳು ಅಂಥ ತಿರುವಿಗೆ ಬೇಗ ಹೊಸ ಯೋಜನೆ ಹಾಕಿಕೊಂಡಿತು. ಶಾಸ್ತ್ರೀಯ ವಾದಕರು ಯಾವ ಬೆರಳು ಎಲ್ಲಿ ಬೀಳಬೇಕೆಂಬುದರಲ್ಲಿ ಹೆಚ್ಚು ನಿಖರವಾಗಿದ್ದರು. ಇಬ್ಬರೂ ಪಿಯಾನೋವನ್ನೇ ಕಲಿತವರು, ಇಬ್ಬರೂ ವರ್ಷಗಟ್ಟಲೆ ಬೆವರು ಸುರಿಸಿದವರು, ಆದರೆ ಮಿದುಳು ತಾನು ಯಾವುದನ್ನು ಮಾಡಿತೋ ಅದನ್ನು ಕಲಿತಿತ್ತು. ನೀವು ಈವರೆಗೆ ನಿಷ್ಠೆಯನ್ನು ಕಲಿತಿದ್ದೀರಿ. ತಿರುವನ್ನು ಕಲಿಯಲು ತಿರುವಿನಲ್ಲೇ ಓಡಾಡಬೇಕು.

ಆಲಾಪನೆ ನಿಮಗೆ ಕಲ್ಪನಾಸ್ವರಕ್ಕಿಂತ ಸಲೀಸಾಗಿ ಬರುತ್ತಿದ್ದರೆ ಅದರಲ್ಲೂ ಆಶ್ಚರ್ಯವಿಲ್ಲ. 2016ರಲ್ಲಿ ಪಿನ್ಹೊ ಮತ್ತು ಉಲ್ಲೆನ್ ಅವರ ತಂಡ ವಾದಕರಿಗೆ ಒಮ್ಮೆ ‘ಇಂತಿಷ್ಟೇ ಸ್ವರಗಳನ್ನು ಬಳಸಿ’ ಎಂದೂ ಇನ್ನೊಮ್ಮೆ ‘ಇಂಥ ಭಾವ ಬರುವಂತೆ ನುಡಿಸಿ’ ಎಂದೂ ಹೇಳಿ ನೋಡಿದಾಗ, ಸ್ವರದ ಕಟ್ಟಳೆಯಿದ್ದಾಗ ಹೊರಪಾರ್ಶ್ವದ ಪ್ರಿಫ್ರಂಟಲ್ ಭಾಗ ಹೆಚ್ಚು ದುಡಿಯಿತು, ಭಾವದ ಕಟ್ಟಳೆಯಿದ್ದಾಗ ಕಡಿಮೆ. ಮೇಲೆ ಹೇಳಿದ ಒಗಟಿಗೆ ಇದು ಮೂರನೆಯ ಎಳೆ. ಲಯದ ಚೌಕಟ್ಟಿಲ್ಲದೆ ಭಾವ ಹಿಡಿದು ಸಾಗುವ ಆಲಾಪನೆಯಲ್ಲೂ ತಾಳದ ಲೆಕ್ಕ ಹೊತ್ತ ಕಲ್ಪನಾಸ್ವರದಲ್ಲೂ ಮಿದುಳಿನ ಸ್ಥಿತಿ ಒಂದೇ ಆಗಿರಲಾರದೆಂದು ನಾನು ಊಹಿಸುವುದು ಈ ಆಧಾರದಿಂದ. ಅದು ನನ್ನ ಊಹೆಯೆಂದೇ ತೆಗೆದುಕೊಳ್ಳಿ. ಈ ಯಂತ್ರಗಳ ಮಿತಿಯೂ ನೆನಪಿರಲಿ: ಎಫ್‌ಎಂಆರ್‌ಐ ಅಳೆಯುವುದು ರಕ್ತದಲ್ಲಿನ ಆಮ್ಲಜನಕದ ಏರಿಳಿತವನ್ನು, ಅದು ಶಿಖರ ಮುಟ್ಟುವುದು ನರಕೋಶ ಕೆಲಸ ಮಾಡಿದ ನಾಲ್ಕಾರು ಸೆಕೆಂಡುಗಳ ಮೇಲೆ, ಅಷ್ಟರಲ್ಲಿ ನಿಮ್ಮ ಗಾಯನ ಒಂದಿಡೀ ಆವರ್ತದಷ್ಟು ಮುಂದೆ ಹೋಗಿರಬಹುದು.

ಹುಟ್ಟಿನಿಂದ ಬರಬೇಕೇ ಎಂದು ಕೇಳಿದಿರಿ. ಸಂಗೀತದ ಕಿವಿ, ಸಾಧನೆ ಮಾಡುವ ಹುಮ್ಮಸ್ಸು ಎರಡರಲ್ಲೂ ವಂಶವಾಹಿಗಳ ಪಾಲಿದೆ. ಆದರೆ 11 ವರ್ಷ ರಾಗದಲ್ಲಿ ಶ್ರುತಿಯಲ್ಲಿ ನಿಂತವರು ಆ ಚಿಂತೆಯನ್ನು ಬಿಡಬಹುದು. ಮಿದುಳು ಎಷ್ಟನ್ನು ಮರಳಿ ಕಟ್ಟಿಕೊಳ್ಳಬಲ್ಲದು ಎನ್ನುವುದಕ್ಕೆ ಅಮೆರಿಕದ ಜಾಝ್ ಗಿಟಾರ್ ವಾದಕ ಪ್ಯಾಟ್ ಮಾರ್ಟಿನೋ ಸಾಕ್ಷಿ. ಮಿದುಳಿನ ರಕ್ತನಾಳಗಳ ಹುಟ್ಟುದೋಷಕ್ಕಾಗಿ 1980ರಲ್ಲಿ ನಡೆದ ಶಸ್ತ್ರಚಿಕಿತ್ಸೆಯಲ್ಲಿ ಅವನ ಎಡ ಟೆಂಪೊರಲ್ ಹಾಲೆಯ ಬಹುಭಾಗವನ್ನು ತೆಗೆಯಬೇಕಾಯಿತು. ಎಚ್ಚರವಾದಾಗ ಅವನಿಗೆ ತಂದೆತಾಯಿಯರ ಗುರುತೂ ಇರಲಿಲ್ಲ, ತಾನು ಗಿಟಾರ್ ವಾದಕನೆಂಬ ನೆನಪೂ ಇರಲಿಲ್ಲ. ತನ್ನದೇ ಹಳೆಯ ಧ್ವನಿಮುದ್ರಿಕೆಗಳನ್ನು ಕೇಳಿಕೊಂಡು ಅವನು ವಾದ್ಯಕ್ಕೆ ಮರಳಿದ; ನುಡಿಸುತ್ತ ನುಡಿಸುತ್ತ ಕೈಯ ನೆನಪು ತುಣುಕು ತುಣುಕಾಗಿ ಎದ್ದು ಬಂತು. 1987ರ ಹೊತ್ತಿಗೆ ಮತ್ತೆ ವೇದಿಕೆಯ ಮೇಲೆ ಸ್ವಂತ ಕಲ್ಪನೆಯಿಂದ ನುಡಿಸುತ್ತಿದ್ದ. 2021ರಲ್ಲಿ ತೀರಿಕೊಂಡ.

ಕೊನೆಗೆ ಸಾಧನೆಯ ಮಾತು. ನಿಮ್ಮ ಗುರುಗಳ ಕ್ರಮಕ್ಕೆ ಅಡ್ಡ ಬರುವ ಉದ್ದೇಶ ನನಗಿಲ್ಲ, ಅವರಿಗೆ ತೋರಿಸಿಯೇ ಇದನ್ನು ಮಾಡಿ. ಮೋಹನದಲ್ಲಿ ಗ, ಪ, ದ ಈ ಮೂರೇ ಸ್ವರ ಇಟ್ಟುಕೊಳ್ಳಿ. ತಾಳವನ್ನು ಕೈಯಲ್ಲೇ ಹಾಕಿ. ಲಘುವಿನ ನಾಲ್ಕು ಅಕ್ಷರ ಸುಮ್ಮನಿರಿ, ದ್ರುತಗಳ ನಾಲ್ಕು ಅಕ್ಷರಗಳಲ್ಲಿ ಮಾತ್ರ ಸ್ವರ ಹಾಡಿ, ಸಮದಲ್ಲಿ ಗಾಂಧಾರಕ್ಕೆ ಬಂದು ನಿಲ್ಲಿ. ಆಯ್ಕೆ ಕಡಿಮೆಯಾದಷ್ಟೂ ನೆನಪಿನ ಮೇಲಿನ ಹೊರೆ ಇಳಿಯುತ್ತದೆ. ಮೌನದ ಆ ನಾಲ್ಕು ಅಕ್ಷರಗಳಲ್ಲಿ ಮುಂದಿನದನ್ನು ಒಳಗೇ ಕೇಳಿಸಿಕೊಳ್ಳಲು ಪುರಸೊತ್ತು ಸಿಗುತ್ತದೆ. ಅದು ಸಲೀಸಾದ ಮೇಲೆ ರಿಷಭವನ್ನು ಸೇರಿಸಿ, ಆಮೇಲೆ ಷಡ್ಜ, ಆಮೇಲೆ ಮೌನವನ್ನು ಎರಡಕ್ಷರಕ್ಕೆ ಇಳಿಸಿ. ತಪ್ಪಿದಾಗ ನಿಲ್ಲಿಸಬೇಡಿ, ತಪ್ಪಿದ ಸ್ವರದಿಂದಲೇ ಗಾಂಧಾರಕ್ಕೆ ದಾರಿ ಹುಡುಕಿ, ಏಕೆಂದರೆ ವೇದಿಕೆಯ ಮೇಲೆ ಬೇಕಾಗುವ ಶಕ್ತಿ ಅದೇ. ಒಬ್ಬರೇ ಇದ್ದಾಗ ಕುದುರಿದ್ದನ್ನು ಮನೆಯ ಒಬ್ಬರ ಎದುರು, ಬಳಿಕ ಸಹಪಾಠಿಗಳ ಎದುರು ಹಾಡಿ. ಒತ್ತಡದಲ್ಲಿ ಕೆಲಸ ಮಾಡುವುದನ್ನೂ ಪ್ರಿಫ್ರಂಟಲ್ ಕಾರ್ಟೆಕ್ಸ್ ಸಣ್ಣ ಸಣ್ಣ ಪ್ರಮಾಣದಲ್ಲಿಯೇ ಕಲಿಯಬೇಕು.

ಮುಂದಿನ ಪಾಠದಲ್ಲಿ ಗುರುಗಳು ಮತ್ತೆ ‘ಯೋಚಿಸಬೇಡ’ ಎಂದರೆ, ಯಾವುದನ್ನು ಯೋಚಿಸಬಾರದು ಎಂದು ವಿನಯದಿಂದ ಕೇಳಿ ನೋಡಿ. ಸ್ವರವನ್ನು ಒಂದೊಂದಾಗಿ ಹುಡುಕಬೇಡ, ಎಲ್ಲಿ ಬಂದು ನಿಲ್ಲಬೇಕೆಂಬುದನ್ನು ಹಿಡಿದುಕೋ ಎಂದು ಅವರು ಹೇಳುವ ಸಂಭವವೇ ಹೆಚ್ಚು. ಹಾಗೆ ಹೇಳಿದರೆ ಆ ದಿನದ ಪಾಠವನ್ನು ಮುಕ್ತಾಯದಿಂದ ಶುರುಮಾಡಲು ಕೇಳಿಕೊಳ್ಳಿ: ಮೊದಲು ಸಮದ ಗಾಂಧಾರ, ಆಮೇಲೆ ಅದರ ಹಿಂದಿನ ಐದು, ಆಮೇಲೆ ಅದರ ಹಿಂದಿನ ಐದು.